ರೊಟ್ಟಿ ಬಡಿಯುವ ಸಪ್ಪಳ

ದಾನೇಶ್ವರಿಗೆ ನಿದ್ದೆಯ ಮೇಲಿದ್ದಷ್ಟು ಆಸೆ ಬಂಗಾರದ ಮೇಲೂ ಇರಲಿಲ್ಲ. ಬಂಗಾರವನ್ನಾದರೂ ಮದುವೆಯಲ್ಲಿ ಒಂದಿಷ್ಟು ಹಾಕಿ ಕಳಿಸಿದ್ದರು. ನಿದ್ದೆಯನ್ನು ಯಾರೂ ಕಟ್ಟಿ ಕೊಟ್ಟಿರಲಿಲ್ಲ.

ಇಳಕಲ್ಲಿನಲ್ಲಿ ಗಂಡ ಶಿವಪ್ರಕಾಶನ ಸೀರೆ ಅಂಗಡಿ. ಹುನಗುಂದದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆಕೆಯ ಗಣಿತ ಪಾಠ. ನಡುವೆ ಅರ್ಧ ತಾಸಿನ ಬಸ್ಸು. ಮನೆಯಲ್ಲಿ ಅತ್ತೆ ಗುರುಲಿಂಗವ್ವ, ಐದನೆಯ ಇಯತ್ತೆಯ ಮಗ ನಾಗಲಿಂಗ, ಒಂದನೆಯ ಇಯತ್ತೆಯ ಮಗಳು ಪ್ರಣತಿ. ಈ ಐದು ಜನರಲ್ಲಿ ಬೆಳಗಿನ ಐದಕ್ಕೆ ಏಳುವವರು ಇಬ್ಬರೇ. ಅತ್ತೆ ಎದ್ದು ಜಳಕ ಮಾಡಿ ಲಿಂಗಪೂಜೆಗೆ ಕೂರುತ್ತಿದ್ದಳು. ಸೊಸೆ ಎದ್ದು ಉಳಿದ ಕೆಲಸವನ್ನೆಲ್ಲ ಮಾಡುತ್ತಿದ್ದಳು. ಉಳಿದ ಕೆಲಸ ಎಂದರೆ ಯಾವುದು ಎಂದು ಮಾತ್ರ ಕೇಳಬೇಡಿ, ಬರೆಯುತ್ತ ಹೋದರೆ ನನಗೇ ಆಕಳಿಕೆ ಬರುತ್ತದೆ.

ದಣಿವು ಅವಳಿಗೆ ಜ್ವರದ ಹಾಗೆ ಬಂದು ಹೋಗುವ ಸಂಗತಿಯಾಗಿರಲಿಲ್ಲ. ಮನೆಯಲ್ಲೇ ಠಿಕಾಣಿ ಹೂಡಿದ ನೆಂಟನಾಗಿತ್ತು. ಒಂದು ದಿನ ಗಂಡನ ಅಂಗಡಿಯ ಕೀಲಿಕೈಯನ್ನು ಫ್ರಿಜ್ಜಿನಲ್ಲಿಟ್ಟು ಬೆಣ್ಣೆಯ ಡಬ್ಬಿಯನ್ನು ದೇವರ ಮಾಡದಲ್ಲಿಟ್ಟಳು. ಇನ್ನೊಂದು ದಿನ ಮಗಳ ತಲೆ ಬಾಚುತ್ತ ತೂಕಡಿಸಿ, ಒಂದು ಜಡೆಗೆ ಕುರ್ಚಿಯ ಕೈಯನ್ನೂ ಸೇರಿಸಿ ರಿಬ್ಬನ್ ಕಟ್ಟಿದಳು. ಪ್ರಣತಿ ಶಾಲೆಗೆ ಹೊರಟಾಗ ಕುರ್ಚಿಯೂ ಅವಳ ಹಿಂದೆ ಎರಡು ಹೆಜ್ಜೆ ಬಂತು.

ಶಾಲೆಯಲ್ಲೂ ಅದೇ ಕಥೆ. ಹತ್ತನೆಯ ತರಗತಿಗೆ ಐದು ಲೆಕ್ಕ ಬರೆದುಕೊಟ್ಟು, ಹುಡುಗರು ಬಿಡಿಸುವವರೆಗೆ ಎಂದು ಕುರ್ಚಿಗೆ ಒರಗಿದವಳು ಹಾಗೇ ನಿದ್ದೆ ಹೋದಳು. ನಲವತ್ತೆರಡು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆನ್ನಿನ ಮುಚ್ಚಳದ ಸಪ್ಪಳವನ್ನೂ ಮಾಡದೆ ಕುಳಿತರು. ಆ ಹೊತ್ತಿಗೆ ಹೆಡ್‌ಮಾಸ್ತರ ಪ್ರಭುಲಿಂಗ ಸರ್ ವರಾಂಡದಲ್ಲಿ ಹಾದುಹೋಗುತ್ತ ಕಿಟಕಿಯಿಂದ ಒಳಗೆ ನೋಡಿದರು. ಅವರಿಗೆ ಕಂಡದ್ದು ಮೇಡಂ ಬೆನ್ನು, ತಲೆ ತಗ್ಗಿಸಿ ಬರೆಯುತ್ತಿರುವ ಹುಡುಗರು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಮೈಕು ಹಿಡಿದು, ಶಿಸ್ತು ಅಂದರೆ ಏನು ಅಂತ ದಾನೇಶ್ವರಿ ಮೇಡಂ ಅವರನ್ನು ನೋಡಿ ಕಲಿಯಬೇಕು ಎಂದು ಉಳಿದ ಮಾಸ್ತರರಿಗೆಲ್ಲ ಬುದ್ಧಿ ಹೇಳಿದರು. ದಾನೇಶ್ವರಿ ಮುಖ ಎಲ್ಲಿಡಬೇಕೆಂದು ತಿಳಿಯದೆ ತನ್ನ ಚಪ್ಪಲಿ ನೋಡುತ್ತ ನಿಂತಳು. ನೋಡಿದರೆ ಎರಡೂ ಚಪ್ಪಲಿ ಬೇರೆ ಬೇರೆ ಜೋಡಿಯವು.

ದಣಿವಾದರೂ ತಡೆದುಕೊಳ್ಳಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಯಾವುದರಲ್ಲೂ ಮನಸ್ಸು ನಿಲ್ಲದೆ ಹೋದದ್ದು. ಒಂದು ಕಾಲಕ್ಕೆ ಕಠಿಣ ಲೆಕ್ಕ ಸಿಕ್ಕರೆ ಹಲ್ವಾ ಸಿಕ್ಕಷ್ಟು ಖುಷಿಪಡುತ್ತಿದ್ದವಳು ಈಗ ಲೆಕ್ಕ ನೋಡಿದರೆ ಉತ್ತರದ ಪುಟ ತೆರೆಯುತ್ತಿದ್ದಳು. ಗಂಡ ದೀಪಾವಳಿಗೆ ಕೊಟ್ಟ ಸೀರೆಯ ಮಡಿಕೆ ಬಿಚ್ಚಿರಲಿಲ್ಲ. ಭಾನುವಾರ ಬಂತೆಂದರೆ ಎಲ್ಲರಿಗೂ ಸಂತೋಷ. ಇವಳು ಮಾತ್ರ ಭಾನುವಾರದ ಬಟ್ಟೆಯ ಗುಡ್ಡೆ ನೆನೆದು ಶನಿವಾರವೇ ಬಚ್ಚಲಿಗೆ ಹೋಗಿ ಒಂದಿಷ್ಟು ಅತ್ತು ಬರುತ್ತಿದ್ದಳು.

ಗಂಡನ ಮುಂದೆ ಒಂದು ಸಲ ಹೇಳಿ ನೋಡಿದಳು. ಶಿವಪ್ರಕಾಶ ಕೆಟ್ಟವನೇನಲ್ಲ. ಹೆಂಡತಿಯ ಮೇಲೆ ಜೀವ ಇಟ್ಟುಕೊಂಡವನೇ. ಅವಳ ಕೈ ಹಿಡಿದುಕೊಂಡು, "ಇಷ್ಟ ದಣೀತಿದ್ರ ನೌಕರಿ ಬಿಟ್ಟಬಿಡು. ಯಾರ ಒತ್ತಾಯ ಮಾಡ್ಯಾರ ನಿನಗ? ದೇವರು ಕೊಟ್ಟಿದ್ದು ಸಾಕಷ್ಟೈತಿ," ಎಂದ. ಮಾತು ಪ್ರೀತಿಯದೇ. ಆದರೆ ರೊಟ್ಟಿ ಬಿಡು, ಬಟ್ಟೆ ಬಿಡು, ನಾ ಏಳತೇನಿ ನೀ ಮಲಗು ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ಮನೆಯಲ್ಲಿ ಬಿಡಬಹುದಾದ ಕೆಲಸ ಅವನಿಗೆ ಕಂಡದ್ದು ಒಂದೇ, ಅದು ಅವಳದು. ಆ ಶಾಲೆ ಇದೆ ಎಂದೇ ತಾನು ಇನ್ನೂ ಮನುಷ್ಯಳಾಗಿ ಉಳಿದಿದ್ದೇನೆ ಎಂದು ಅವನಿಗೆ ಹೇಗೆ ಹೇಳುವುದು? ದಾನೇಶ್ವರಿ ಅವತ್ತೇ ತೀರ್ಮಾನ ಮಾಡಿದಳು: ಇನ್ನು ಈ ಮನೆಯಲ್ಲಿ ದಣಿವಿನ ಸುದ್ದಿ ಎತ್ತಬಾರದು. ಎತ್ತಿದರೆ ಶಾಲೆ ಹೋಗುತ್ತದೆ.

ದವಾಖಾನೆಗೂ ಹೋಗಿ ಬಂದಳು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಅವಳ ಕಣ್ಣ ಕೆಳಗೂ ಕಪ್ಪು. ರಕ್ತ ತಪಾಸಣೆ ಮಾಡಿಸಿ, ಕಬ್ಬಿಣಾಂಶ ಕಡಿಮೆ ಎಂದು ಗುಳಿಗೆ ಬರೆದುಕೊಟ್ಟಳು. ಜೊತೆಗೆ ಉಪದೇಶ: "ಮುಂಜಾನೆ ಒಂದ ತಾಸು ವಾಕಿಂಗ್ ಮಾಡ್ರಿ, ಅರ್ಧ ತಾಸು ಯೋಗ ಮಾಡ್ರಿ, ಹತ್ತ ನಿಮಿಷ ಧ್ಯಾನ ಮಾಡ್ರಿ. ನಿಮ್ಮ ಸಲುವಾಗಿ ಅಂತ ದಿನಾ ಒಂದಿಷ್ಟ ಟೈಮ್ ತಗೀರಿ."

"ಎಲ್ಲಿಂದ ತಗೀಲ್ರಿ ಡಾಕ್ಟರ್?" ಎಂದು ದಾನೇಶ್ವರಿ ಖರೆ ಖರೆ ಕೇಳಿದಳು.

"ಅದೊಂದು ಗೊತ್ತಾದ್ರ ನನಗೂ ಹೇಳ್ರಿ," ಎಂದು ಡಾಕ್ಟರಮ್ಮ ಮುಂದಿನ ಪೇಷಂಟನ್ನು ಕರೆದಳು.

ದಣಿವು ಕಳೆಯಲು ಬೆಳಿಗ್ಗೆ ಮೂರು ಇಪ್ಪತ್ತಕ್ಕೆ ಏಳಬೇಕು ಎಂಬ ಲೆಕ್ಕ ಗಣಿತದ ಟೀಚರಿಗೂ ಬಗೆಹರಿಯಲಿಲ್ಲ. ಆ ವಾರವೇ ಎರಡು ಸಲ ಬಸ್ಸಿನಲ್ಲಿ ನಿದ್ದೆ ಹತ್ತಿ, ಹುನಗುಂದ ದಾಟಿ, ಅಮೀನಗಡದಲ್ಲಿ ಕಣ್ಣು ಬಿಟ್ಟಳು. ಎರಡನೆಯ ಸಲ ಕಂಡಕ್ಟರ್ ಹಣಮಪ್ಪನ ಮೇಲೆ ಹರಿಹಾಯ್ದಳು.

"ಎಬ್ಬಿಸಬಾರದೇನ್ರಿ? ದಿನಾ ಹುನಗುಂದಕ್ಕ ಇಳಿಯಾಕಿ ಅಂತ ಗೊತ್ತಿಲ್ಲೇನು?"

"ಎಬ್ಬಸಾಕ ಬಂದಿದ್ನಿರಿ ಮೇಡಂ," ಎಂದ ಹಣಮಪ್ಪ. "ಆದ್ರ ನೀವು ಅಷ್ಟ ಛಂದ ಮಲಗಿದ್ರಿ ನೋಡ್ರಿ, ನನಗ ಮನಸ್ಸ ಆಗಲಿಲ್ಲ."

ಅಮೀನಗಡಕ್ಕೆ ಹೋಗಿ ಬರಿಗೈಲಿ ಬಂದರೆ ಚೆನ್ನಾಗಿರುವುದಿಲ್ಲ ಎಂದು ಎರಡೂ ಸಲ ಅರ್ಧ ಕೆ.ಜಿ. ಕರದಂಟು ತಂದಳು. ಹೆಂಡತಿಗೆ ತನ್ನ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದು ಶಿವಪ್ರಕಾಶ ಹಿಗ್ಗಿದ. ಪ್ರಭುಲಿಂಗ ಸರ್ ಮಾತ್ರ ಹಿಗ್ಗಲಿಲ್ಲ. ಪರೀಕ್ಷೆ ತಲೆಯ ಮೇಲೆ ಬಂದಾಗ ಹತ್ತನೆಯ ತರಗತಿಯ ಮೊದಲ ಪೀರಿಯಡ್ಡಿಗೆ ಮೇಡಂ ಇಲ್ಲವೆಂದರೆ ಮುಂದಿನ ವರ್ಷದ ಆರ್ಡರ್ ಕೊಡುವುದು ಕಷ್ಟ ಎಂದು ಮೃದುವಾಗಿಯೇ ಹೇಳಿದರು. ಮೃದುವಾಗಿ ಹೇಳಿದ ಮಾತಿಗೇ ಹೆಚ್ಚು ಹೆದರಬೇಕು ಎಂಬುದು ಆ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವಳ ಸಂಕಟ ಕೇಳಿದವಳು ಹಿಂದಿ ಟೀಚರ್ ಮಾಸುಮಬಿ. ಮಾಸುಮಬಿ ಕಣ್ಣೀರಿಗೆ ಕರಗುವವಳಲ್ಲ, ಕಡ್ಡಿ ಮುರಿದಂತೆ ಮಾತಾಡುವವಳು. ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತ ಕೇಳಿದಳು: "ಮುಂಜಾನೆ ಎಲ್ಲಾಕಿಂತ ಹೆಚ್ಚ ಹೊತ್ತು ತಿನ್ನೂ ಕೆಲಸ ಯಾವುದು?"

"ರೊಟ್ಟಿ. ಹದಿನಾರ ರೊಟ್ಟಿ ಬಡಿಯೂದ್ರಾಗ ಮುಕ್ಕಾಲ ತಾಸು ಹೋಗ್ತೈತಿ."

"ಕೊಂಡ ತಾ. ಓಣಿಗೊಬ್ಬಾಕಿ ರೊಟ್ಟಿ ಮಾಡಿ ಮಾರತಾಳ."

"ನಮ್ಮ ಅತ್ಯಾರಿಗೆ ಸಪ್ಪಳ ಬೇಕವ್ವ."

ಸಪ್ಪಳದ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು. ಗುರುಲಿಂಗವ್ವ ಆ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ. ನಲವತ್ತು ವರ್ಷವೂ ಆ ಓಣಿಯಲ್ಲಿ ಮೊದಲು ರೊಟ್ಟಿ ಬಡಿಯುವ ಸಪ್ಪಳ ಕೇಳಿದ್ದು ತನ್ನ ಮನೆಯಿಂದಲೇ ಎಂಬುದು ಅವಳ ಹೆಮ್ಮೆ. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟವು. ನೆಲಕ್ಕೆ ಕೂರಲು ಬಾರದು, ಹೀಗಾಗಿ ಅಡುಗೆಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಈಗ ಪಡಸಾಲೆಯ ಮಂಚದ ಮೇಲೆ ಲಿಂಗಪೂಜೆಗೆ ಕೂತು, ಒಳಗಿನ ಟಪಟಪ ಸಪ್ಪಳ ಕೇಳುತ್ತ, ನಡುನಡುವೆ ತಲೆ ಆಡಿಸುತ್ತಿದ್ದಳು. ಸಪ್ಪಳ ಹತ್ತು ನಿಮಿಷ ತಡವಾದರೆ ಪಡಸಾಲೆಯಿಂದ ಒಂದು ಕೆಮ್ಮು ಬರುತ್ತಿತ್ತು. ಯಾವ ಕೆಲಸ ತಪ್ಪಿದರೂ ಬರುತ್ತಿದ್ದ ಆ ಕೆಮ್ಮಿಗೆ ದಾನೇಶ್ವರಿ ಹನ್ನೆರಡು ವರ್ಷದಿಂದ ಹೆದರುತ್ತಿದ್ದಳು.

ಇಷ್ಟನ್ನೂ ಕೇಳಿದ ಮಾಸುಮಬಿ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದಳು: "ಅಕಿಗೆ ಸಪ್ಪಳ ಬೇಕಂದ್ರ ಸಪ್ಪಳ ಕೊಡು. ರೊಟ್ಟಿ ಬ್ಯಾರೆದಾಕಿ ಮಾಡ್ಲಿ. ಫೋನ್ ಯಾತಕ್ಕೈತಿ ನಿನ್ನ ಹತ್ರ?"

ದಾನೇಶ್ವರಿಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು, ಬಸ್ಸು ಹತ್ತುವ ಹೊತ್ತಿಗೆ ಮೈಯೆಲ್ಲ ಹುಮ್ಮಸ್ಸು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಯಾವುದೋ ಒಂದು ಕೆಲಸದಲ್ಲಿ ಅವಳ ಮನಸ್ಸು ನಿಂತಿತ್ತು.

ಮರುದಿನ ಬೆಳಿಗ್ಗೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಹದಿನಾರು ರೊಟ್ಟಿಯನ್ನೂ ರೆಕಾರ್ಡ್ ಮಾಡಿದಳು. ಹಿಟ್ಟು ನಾದುವ ಸಪ್ಪಳ, ಬಡಿಯುವ ಸಪ್ಪಳ, ಹಸಿರು ಬಳೆಗಳ ಸಪ್ಪಳ, ಹಂಚಿನ ಮೇಲೆ ನೀರು ಸವರಿದ ಚುಸ್ ಎಂಬ ಸಪ್ಪಳ, ಎಲ್ಲ ಬಂತು. ನಡುವೆ ಒಂದು ಸೀನು ಬಂದು ಒಂದು ರೊಟ್ಟಿ ಹರಿಯಿತು. ಅದನ್ನು ಮತ್ತೆ ಉಂಡೆ ಮಾಡಿ ಬಡಿದಳು. ಇಷ್ಟು ಸಣ್ಣ ವಿಷಯಕ್ಕೆ ಮುಕ್ಕಾಲು ತಾಸನ್ನು ಮತ್ತೆ ಯಾರು ರೆಕಾರ್ಡ್ ಮಾಡುತ್ತಾರೆ ಎಂದು ಹಾಗೇ ಬಿಟ್ಟಳು. ಹಿಂದಿನ ಓಣಿಯ ಸುನಂದಕ್ಕ ರೊಟ್ಟಿ ಮಾಡಿ ಮಾರುವವಳು. ಅವಳನ್ನು ಕಂಡು ಹಿತ್ತಲ ಬಾಗಿಲಿಗೆ ದಿನಾ ಐದಕ್ಕೆ ಹದಿನಾರು ಬಿಸಿ ರೊಟ್ಟಿ ತಂದುಕೊಡಲು, ಕದ ಬಡಿಯದೆ ಬರಲು ಗೊತ್ತು ಮಾಡಿದಳು.

ವ್ಯವಸ್ಥೆ ಹೀಗಾಯಿತು: ಐದಕ್ಕೆ ರೊಟ್ಟಿಯ ಗಂಟು ಬುಟ್ಟಿಗೆ. ಫೋನು ಖಾಲಿ ಸ್ಟೀಲ್ ಕೊಡದೊಳಗೆ, ಸಪ್ಪಳ ದೊಡ್ಡದಾಗಲಿ ಎಂದು. ಜೋಳದ ಚೀಲಕ್ಕೆ ತಲೆ ಕೊಟ್ಟು, ಸೆರಗು ಹೊದ್ದು ದಾನೇಶ್ವರಿ ನೆಲಕ್ಕೆ. ಕೊಡದೊಳಗಿಂದ ಟಪ ಟಪ ಟಪ. ಮುಕ್ಕಾಲು ತಾಸು ಕಳೆದು ಸಪ್ಪಳ ನಿಂತ ಕೂಡಲೇ ಅವಳಿಗೆ ತಾನಾಗಿ ಎಚ್ಚರ. ನಾವು ನೀವು ಸಪ್ಪಳಕ್ಕೆ ಏಳುತ್ತೇವೆ, ದಾನೇಶ್ವರಿ ಸಪ್ಪಳ ನಿಂತರೆ ಏಳುತ್ತಿದ್ದಳು.

ಮುಕ್ಕಾಲು ತಾಸಿನ ನಿದ್ದೆ ಎಂದು ನಗಬೇಡಿ. ಒಂದು ವಾರದಲ್ಲಿ ಅವಳ ಮುಖದ ಬಣ್ಣ ತಿರುಗಿತು. ಬಸ್ಸಿನಲ್ಲಿ ಕಣ್ಣು ಬಿಟ್ಟುಕೊಂಡೇ ಹುನಗುಂದಕ್ಕೆ ಇಳಿದಳು. ಹಣಮಪ್ಪ ಬೇಜಾರು ಮಾಡಿಕೊಂಡ. ಒಂದು ಸಂಜೆ ನಾಗಲಿಂಗನ ಜೊತೆ ಕೂತು, ಅವನು ಕೇಳದಿದ್ದರೂ, ಒಂದು ಕಠಿಣ ಲೆಕ್ಕವನ್ನು ಮೂರು ರೀತಿಯಲ್ಲಿ ಬಿಡಿಸಿ ತೋರಿಸಿದಳು. ದೀಪಾವಳಿಯ ಸೀರೆಯ ಮಡಿಕೆ ಬಿಚ್ಚಿ ಉಟ್ಟಳು. ಇನ್ನು ಅತ್ತೆ? ಬುಟ್ಟಿಯ ರೊಟ್ಟಿ ತಿಂದು, "ಭಾಳ ಮೆತ್ತಗ ಆಗ್ಯಾವ," ಎಂದು ಒಂದು ಮಾತು ಹೇಳಿದಳು. ಮದುವೆಯಾದ ಮೇಲೆ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ ಅದು, ಅದೂ ಸುನಂದಕ್ಕನ ಪಾಲಿಗೆ ಹೋಯಿತು. ಪಾಪದ ಭಾವನೆಯಿಂದ ದಾನೇಶ್ವರಿಗೆ ಆವತ್ತು ತುತ್ತು ಇಳಿಯಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಮಲಗಿದಳು.

ಒಂದು ತಿಂಗಳು ಹೀಗೆ ಸಾಗಿತು. ಆಮೇಲೆ ಬಾದಾಮಿಯಿಂದ ಸಂಗವ್ವ ಬಂದಳು.

ಸಂಗವ್ವ ಗುರುಲಿಂಗವ್ವನ ಬೆನ್ನಿಗೆ ಬಿದ್ದ ತಂಗಿ. ಕಿರಿಮಗಳ ಮದುವೆಗೆ ಸೀರೆ ಆರಿಸಲು ಮೂರು ದಿನ ಇರುವುದಾಗಿ ಬಂದಿದ್ದಳು. ಕೆಲಸಕ್ಕೆ ಹೋಗುವ ಸೊಸೆಯರ ವಿಷಯದಲ್ಲಿ ಅವಳದು ಪಕ್ಕಾ ಅಭಿಪ್ರಾಯ. ತನ್ನ ಸೊಸೆಯ ನೌಕರಿಯನ್ನು ಬಿಡಿಸಿದ ಕಥೆಯನ್ನು ಯುದ್ಧ ಗೆದ್ದವರ ಹಾಗೆ ಹೇಳುತ್ತಿದ್ದಳು. ಅವಳ ಕಣ್ಣಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಉಪ್ಪು ಖಾರ ಹಚ್ಚಿಸಿಕೊಂಡು ಕೆರೂರಿನಿಂದ ಬಾಗಲಕೋಟೆಯವರೆಗಿನ ಬೀಗರ ಮನೆಗಳನ್ನೆಲ್ಲ ಸುತ್ತಿ ಬರುತ್ತಿತ್ತು. ಬಂದ ದಿನವೇ ಊಟಕ್ಕೆ ಕೂತವಳು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಕ್ಕಾ, ಈ ರೊಟ್ಟಿ ಭಾಳ ದುಂಡಗ ಅದಾವಲ್ಲ? ಮನ್ಯಾಗ ಬಡಿದ ರೊಟ್ಟಿ ಇಷ್ಟ ದುಂಡಗ ಇರೂದಿಲ್ಲ. ಇವು ಮಾರೂ ರೊಟ್ಟಿ ಇದ್ದಂಗ ಅದಾವ."

ದಾನೇಶ್ವರಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಗುರುಲಿಂಗವ್ವ ತಲೆ ಎತ್ತದೆ ಹೇಳಿದಳು: "ಅಕಿ ಗಣಿತದ ಟೀಚರು. ದುಂಡಗ ಬಡೀದ ಚೌಕ ಬಡೀತಾಳೇನು? ಪಲ್ಯ ಹಚ್ಚಿಕೊಂಡ ತಿನ್ನು."

ಅತ್ತೆಯ ಮುಗ್ಧತೆ ಕಂಡು ದಾನೇಶ್ವರಿ ಅವಳ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದಳು. ಇಷ್ಟು ನಂಬುವ ಹೆಂಗಸಿಗೆ ಮೋಸ ಮಾಡುತ್ತಿದ್ದೇನಲ್ಲ ಎನ್ನಿಸಿತು. ಸಂಗವ್ವ ಇರುವ ಮೂರು ದಿನವಾದರೂ ನಿಯತ್ತಿನಿಂದ ಇರಬೇಕು ಎಂದು ಸುನಂದಕ್ಕನಿಗೆ ನಾಳೆ ಬರಬೇಡ ಎಂದು ಹೇಳಿ ಕಳಿಸಿದಳು. ಮರುದಿನ ಐದಕ್ಕೆ ಎದ್ದು ಹದಿನಾರು ರೊಟ್ಟಿಯನ್ನೂ ತಾನೇ ಬಡಿದಳು. ಸಂಗವ್ವ ಬಾಗಿಲಲ್ಲಿ ನಿಂತು ನೋಡಿ, ದುಂಡಗಿಲ್ಲದ ರೊಟ್ಟಿ ಕಂಡು ಸಮಾಧಾನಪಟ್ಟು ಹೋದಳು. ನಿಯತ್ತಿಗೆ ಸಿಕ್ಕ ಫಲ ಏನೆಂದರೆ, ದಾನೇಶ್ವರಿ ಬಸ್ಸು ಹತ್ತಿ ಸೀಟಿಗೆ ಒರಗಿದವಳು ಕಣ್ಣು ಬಿಟ್ಟದ್ದು ಅಮೀನಗಡದಲ್ಲಿ.

"ಏನ್ ಮೇಡಂ," ಎಂದರು ಪ್ರಭುಲಿಂಗ ಸರ್, ಹನ್ನೊಂದಕ್ಕೆ ಕರದಂಟಿನ ಪೊಟ್ಟಣದೊಂದಿಗೆ ಒಳಗೆ ಬಂದವಳನ್ನು ನೋಡಿ. "ಅಮೀನಗಡದಾಗ ಏನರ ಬ್ಯಾರೆ ಸಾಲಿ ಹಿಡದೀರೇನು?" ಆಮೇಲೆ ಮೃದುವಾದ ದನಿಯಲ್ಲಿ, "ನಾಳೆ ಒಂಬತ್ತೂವರಿಗೆ ಇನ್‌ಸ್ಪೆಕ್ಷನ್ ಐತ್ರಿ. ಮೊದ್ಲ ನೋಡೂದ ನಿಮ್ಮ ಕ್ಲಾಸ್. ನಾಳೆನೂ ಹಿಂಗಾದ್ರ ನೀವ ಒಂದ ರಾಜೀನಾಮೆ ಬರದಕೊಟ್ಟಬಿಡ್ರಿ, ನನಗ ಬರಿಯಾಕ ಹಚ್ಚಬ್ಯಾಡ್ರಿ."

ದಾನೇಶ್ವರಿ ಪೊಟ್ಟಣವನ್ನು ಅವರ ಟೇಬಲ್ಲಿನ ಮೇಲೇ ಬಿಟ್ಟು ಹೊರಗೆ ಬಂದಳು. ಈಗ ಯೋಚಿಸಲು ಏನೂ ಉಳಿದಿರಲಿಲ್ಲ. ಆ ಮುಕ್ಕಾಲು ತಾಸಿನ ನಿದ್ದೆ ಇದ್ದರೆ ನೌಕರಿ ಉಂಟು, ಇಲ್ಲದಿದ್ದರೆ ಇಲ್ಲ. ನಿದ್ದೆ ಮಾಡುವಾಗ ಸಂಗವ್ವನ ಕೈಗೆ ಸಿಕ್ಕಿಬಿದ್ದರೂ ಇಲ್ಲ. ಸಂಜೆ ಮನೆಗೆ ಬರುವ ದಾರಿಯಲ್ಲಿ ಸುನಂದಕ್ಕನ ಮನೆಗೆ ಹೋಗಿ, "ನಾಳೆ ಬಾರವ್ವ. ದುಂಡಗ ಮಾಡಬ್ಯಾಡ. ಒಂದಿಷ್ಟ ಸೊಟ್ಟ ಮಾಡು," ಎಂದಳು.

"ನಾ ಮೂವತ್ತ ವರ್ಷದಿಂದ ದುಂಡಗ ಮಾಡಾಕತ್ತೇನಿ," ಎಂದು ಸುನಂದಕ್ಕನಿಗೆ ಸಿಟ್ಟು ಬಂತು. "ಸೊಟ್ಟ ಬೇಕಂದ್ರ ನೀನ ಬಡ್ಕೋ." ಕೊನೆಗೆ ಎಂಟು ದುಂಡಗೆ, ಎಂಟು ಸೊಟ್ಟಗೆ ಎಂದು ರಾಜಿಯಾಯಿತು.

ಆ ರಾತ್ರಿ ಊಟವಾದ ಮೇಲೆ ಸಂಗವ್ವ ದಾನೇಶ್ವರಿಯ ಫೋನು ಇಸಿದುಕೊಂಡು ಬಾದಾಮಿಗೆ ವಿಡಿಯೋ ಕಾಲ್ ಹಚ್ಚಿದಳು. ಆರಿಸಿದ ಹನ್ನೊಂದು ಸೀರೆಗಳನ್ನು ಒಂದೊಂದಾಗಿ, ಸೆರಗು, ಅಂಚು, ಒಡಲು ಎಂದು ತೋರಿಸಿದಳು. ದಾನೇಶ್ವರಿ ಮಕ್ಕಳ ಹಾಸಿಗೆಯಲ್ಲಿ ಕಾಯುತ್ತ ಕಾಯುತ್ತ ನಿದ್ದೆಹೋದಳು. ಫೋನು ಚಾರ್ಜಿಗೆ ಬೀಳಲಿಲ್ಲ.

ಬೆಳಿಗ್ಗೆ ಐದಕ್ಕೆ ಗಡಿಬಿಡಿಯಲ್ಲಿ ಎದ್ದಾಗ ಬ್ಯಾಟರಿಯ ಕಡೆ ಅವಳ ಕಣ್ಣು ಹೋಗಲಿಲ್ಲ. ಹಿತ್ತಲ ಬಾಗಿಲಲ್ಲಿ ಗಂಟು ಇಸಿದುಕೊಂಡಳು. ಪಡಸಾಲೆಯಲ್ಲಿ ಅಕ್ಕತಂಗಿಯರು ಎದುರುಬದುರು ಮಂಚದ ಮೇಲೆ ಪೂಜೆಗೆ ಕೂತಿದ್ದರು. ಅಡುಗೆಮನೆಯ ಕದವನ್ನು ಒಂದಿಷ್ಟು ಮುಂದೆ ಮಾಡಿ, ಫೋನನ್ನು ಕೊಡದೊಳಗೆ ಇಳಿಸಿ, ದೇವರ ಹೆಸರು ಹೇಳಿ ಒತ್ತಿದಳು. ಟಪ ಟಪ ಟಪ. ಜೋಳದ ಚೀಲಕ್ಕೆ ತಲೆ ತಾಗಿದ್ದಷ್ಟೇ ಅವಳಿಗೆ ನೆನಪು.

ಎಚ್ಚರವಾದಾಗ ಸಪ್ಪಳ ನಡೆದೇ ಇತ್ತು. ಆದರೆ ಏನೋ ಬೇರೆಯಾಗಿತ್ತು. ಬಳೆಯ ಸದ್ದಿಲ್ಲ. ಬಡಿತ ನಿಧಾನ, ಭಾರ. ಸಪ್ಪಳ ಕೊಡದೊಳಗಿಂದ ಬರುತ್ತಿಲ್ಲ, ಮಗ್ಗುಲಿನಿಂದಲೇ ಬರುತ್ತಿದೆ. ದಾನೇಶ್ವರಿ ಮೆಲ್ಲಗೆ ಕಣ್ಣು ಬಿಟ್ಟಳು.

ಎರಡು ವರ್ಷದಿಂದ ಹೊಸ್ತಿಲು ದಾಟದ ಗುರುಲಿಂಗವ್ವ ನೆಲಕ್ಕೆ ಕೂತಿದ್ದಳು. ಮಡಚಲಾಗದ ಎರಡೂ ಕಾಲನ್ನು ನೀಟಾಗಿ ಚಾಚಿ, ತೊಡೆಯ ಮೇಲೆ ಹಿಟ್ಟು ನಾದುವ ಅಗಲ ಪರಾತ ಇಟ್ಟುಕೊಂಡು, ಅಂಗೈಯಿಂದ ಬಡಿಯುತ್ತಿದ್ದಳು. ಪರಾತದಲ್ಲಿ ಹಿಟ್ಟಿರಲಿಲ್ಲ. ಒಲೆ ಹೊತ್ತಿರಲಿಲ್ಲ. ಹೆಂಗಸು ಖಾಲಿ ಪರಾತ ಬಡಿಯುತ್ತಿದ್ದಳು. ಕದ ಭದ್ರವಾಗಿ ಮುಚ್ಚಿ ಚಿಲಕ ಹಾಕಿತ್ತು.

ದಾನೇಶ್ವರಿ ಮೊಣಕೈ ಊರಿದಳು. "ಅತ್ಯಾರ..." ಎಂದು ಏಳಲು ಹೋದಳು.

"ಸುಮ್ನ ಬೀಳು," ಎಂದು ಅತ್ತೆ ಪಿಸುಗುಟ್ಟಿದಳು. "ನಿನ್ನ ಫೋನ್ ಎಂಟನೇ ರೊಟ್ಟಿಗೇ ಸತ್ತೈತಿ, ನಿನ್ನಿ ದಣಿವಿಗೆ ನಿನಗ ಎಚ್ಚರನೂ ಆಗಲಿಲ್ಲ. ಸಂಗವ್ವ, ಯಾಕ ಸಪ್ಪಳ ನಿಂತು ಅಂತ ಏಳಾಕತ್ತಿದ್ಲು. ನಾನ ಎದ್ದ ಬಂದೆ."

"ನಿಮಗ... ಗೊತ್ತಿತ್ತೇನ್ರಿ?"

ಅತ್ತೆ ಕೈ ನಿಲ್ಲಿಸದೆ, ಬಡಿತದ ನಡುನಡುವೆ ಹೇಳಿದಳು. "ಮೊದಲನೇ ದಿನ ನಾಕನೇ ರೊಟ್ಟಿಗೆ ಸೀನಿದಿ, ರೊಟ್ಟಿ ಹರೀತು. ಹರೀಲಿ, ನನ್ನವೂ ಹರೀತಿದ್ವು ಅಂದೆ. ಎರಡನೇ ದಿನಾನೂ ನಾಕನೇ ರೊಟ್ಟಿಗೆ ಸೀನಿದಿ, ಹರೀತು. ಮೂರನೇ ದಿನಾನೂ. ನಲವತ್ತ ವರ್ಷ ರೊಟ್ಟಿ ಬಡದಾಕಿ ನಾನು. ದಿನಾ ಅದ ರೊಟ್ಟಿಗೆ ಅದ ಸೀನಾ?"

ದಾನೇಶ್ವರಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನ್ನಿಸಿತು. "ಮತ್ತ ಒಂದ ತಿಂಗಳ ಯಾಕ ಸುಮ್ನಿದ್ರಿ?"

ಗುರುಲಿಂಗವ್ವ ಪರಾತವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ಇಷ್ಟ ವರ್ಷ ಈ ಓಣ್ಯಾಗ ಮೊದ್ಲ ಸಪ್ಪಳ ನಂದ ಅಂತ ಮೆರದೆ. ಒಬ್ರು, ಒಬ್ರರ, 'ಗುರುಲಿಂಗವ್ವ, ನಿದ್ದಿ ಆತೇನು' ಅಂತ ಕೇಳಲಿಲ್ಲ. ನಿನ್ನ ಕೇಳಬೇಕು ಅಂತ ದಿನಾ ಅನ್ಕೋತಿದ್ದೆ. ಕೇಳಿದ್ರ ನೀ ಹೆದರಿ ಎದ್ದ ಕುಂಡ್ರತಿದ್ದಿ. ಅದಕ್ಕ ಕೇಳಲಿಲ್ಲ." ಆಮೇಲೆ ಕೊಡದ ಕಡೆ ಗೋಣು ಹೊರಳಿಸಿ, "ನಮ್ಮ ಕಾಲಕ್ಕ ಇಂಥಾದ್ದ ಒಂದ ಇದ್ದಿದ್ರ ನಾನೂ ಇದನ್ನ ಮಾಡ್ತಿದ್ದೆ. ನಾಕನೇ ರೊಟ್ಟಿ ಅಷ್ಟ ತಗದ ಹಾಕ್ತಿದ್ದೆ," ಎಂದಳು.

ದಾನೇಶ್ವರಿ ಅಳುತ್ತಿದ್ದಳು. ಬಚ್ಚಲಿನಲ್ಲಿ ಅತ್ತ ಅಳುವಲ್ಲ ಇದು. ಹನ್ನೆರಡು ವರ್ಷ ಯಾರ ಕೆಮ್ಮಿಗೆ ಹೆದರಿ ಬದುಕಿದ್ದಳೋ ಆ ಹೆಂಗಸು ತನಗಾಗಿ ಖಾಲಿ ಪರಾತ ಬಡಿಯುತ್ತಿದ್ದಾಳೆ ಎಂಬುದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಹೊರಗಿನಿಂದ ಸಂಗವ್ವ ಕದ ತಟ್ಟಿದಳು. "ಯಕ್ಕಾ! ಕಾಲ ಬ್ಯಾನಿ ಅಂತಿ, ಒಳಗ ಏನ ಮಾಡಾಕತ್ತಿ? ಕದ ಯಾಕ ಹಾಕೀರಿ? ನಾನೂ ಬರ್ಲೇನು?"

"ಬರಬ್ಯಾಡ!" ಎಂದು ಗುರುಲಿಂಗವ್ವ ಓಣಿಗೆಲ್ಲ ಕೇಳುವ ದನಿಯಲ್ಲಿ ಕೂಗಿದಳು. "ಅತ್ತಿ ಸೊಸಿ ಕೂಡಿ ರೊಟ್ಟಿ ಬಡ್ಯಾಕತ್ತೇವಿ. ನಮ್ಮ ಮನಿ ರೊಟ್ಟಿ ಬ್ಯಾರೆದವ್ರಿಗೆ ತೋರ್ಸೂದಿಲ್ಲ. ನೀ ಪೂಜಿ ಮುಗಸು! ಏ ದಾನವ್ವ, ಹಂಚು ಭಾಳ ಕಾದೈತಿ ನೋಡು, ಹೊಳ್ಳಿಸು ಲಗೂನ!"

ಹಂಚು ಒಲೆಯ ಮೇಲೇ ಇರಲಿಲ್ಲ. ಗೋಡೆಗೆ ಒರಗಿಕೊಂಡು ತಣ್ಣಗೆ ನಿಂತಿತ್ತು. ದಾನೇಶ್ವರಿ ಅಳುತ್ತಲೇ ನಕ್ಕುಬಿಟ್ಟಳು. ನಗು ಹೊರಗೆ ಹೋಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸಂಗವ್ವನ ಹೆಜ್ಜೆ ಗೊಣಗುತ್ತ ಪಡಸಾಲೆಗೆ ತಿರುಗಿತು.

"ಅತ್ಯಾರ, ನಿಮ್ಮ ಕಾಲು... ಏಳ್ರಿ, ನಾ ಬಡೀತೇನಿ."

"ಈಗ ಕುಂತೇನಿ. ನನ್ನ ಏಳಸಾಕ ಹೆಂಗೂ ಇಬ್ಬರು ಬೇಕು, ಶಿವ್ಯಾ ಎದ್ದ ಮ್ಯಾಲ ನೋಡೂಣು. ಅವನೂ ಒಂದಿಷ್ಟ ಅಡಗಿಮನಿ ನೋಡಲಿ. ನಿನಗ ಇವತ್ತ ಸಾಲ್ಯಾಗ ಯಾರೋ ಬರ್ತಾರಂತಲ್ಲ?"

"ನಿಮಗ ಅದೂ ಗೊತ್ತೇನ್ರಿ?"

"ನೀ ನಿದ್ದ್ಯಾಗ ಬಡಬಡಿಸ್ತಿ." ಗುರುಲಿಂಗವ್ವ ಒಂದು ಕೈಯಿಂದ ಪರಾತ ಬಡಿಯುತ್ತಲೇ ಇನ್ನೊಂದು ಕೈಯಿಂದ ಸೊಸೆಯ ತಲೆಯನ್ನು ಜೋಳದ ಚೀಲದ ಮೇಲೆ ಒತ್ತಿ ಮಲಗಿಸಿದಳು. ಜಾರಿದ ಸೆರಗನ್ನು ಎಳೆದು ಹೊದಿಸಿದಳು. ದಾನೇಶ್ವರಿ ಆ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ. ಅತ್ತೆ ಉಳಿದ ಒಂದು ಕೈಯಲ್ಲೇ ಬಡಿತದ ತಾಳ ತಪ್ಪದಂತೆ ನೋಡಿಕೊಂಡು, ಬಾಗಿ, ಕಿವಿಯಲ್ಲಿ ಹೇಳಿದಳು:

"ಕಣ್ಣ ಮುಚ್ಚು. ಇನ್ನಾ ಐದ ರೊಟ್ಟಿ ಅದಾವ."